ಗಾಳಿ ತೆಗೆದ ಉಕ್ಕಿನ ಪಾತ್ರೆಯಲ್ಲಿ ಕಂಡ ಬೆಳಕು

ನನ್ನ ಮದುವೆಯಲ್ಲಿ ತವರಿನವರು ಕೊಟ್ಟಿದ್ದ ಸ್ಟೀಲಿನ ಅಕ್ಕಿ ಡ್ರಮ್ಮು ಒಂದು ಭಾನುವಾರ ಬೆಳಿಗ್ಗೆ ನನ್ನ ಕಣ್ಣೆದುರಿಗೇ, ಯಾರೂ ಮುಟ್ಟದೆ, ಯಾರೂ ತಟ್ಟದೆ, ಡಮಾರ್ ಎಂದು ಒಳಕ್ಕೆ ಕುಸಿಯಿತು. ಕಣ್ಣಿಗೆ ಕಾಣದ ಆನೆಯೊಂದು ಕಾಲಿಟ್ಟು ತುಳಿದ ಹಾಗೆ. ನಾನು ಹಿಂದಕ್ಕೆ ಹಾರಿ ಗೋಡೆಗೆ ಬೆನ್ನು ಬಡಿಸಿಕೊಂಡೆ. ಸಿಲಿಂಡರ್ ಸಿಡಿಯಿತೆಂದು ಪಕ್ಕದ ಮನೆಯವರು ಓಡಿ ಬಂದರು. ನನ್ನ ಮೊಮ್ಮಗಳು ಮಾತ್ರ ಪಂಪಿನ ಸ್ವಿಚ್ಚು ಆರಿಸಿ, ಕನ್ನಡಕ ಸರಿಮಾಡಿಕೊಂಡು ನಗುತ್ತಾ ನಿಂತಿದ್ದಳು.

"ನಾನ್ ಹೇಳ್ಲಿಲ್ವಾ ಅಜ್ಜಿ? ಒಳಗಿನ ಗಾಳಿ ತೆಗೆದ್ರೆ ಹೊರಗಿನ ಗಾಳಿ ಸುಮ್ನಿರಲ್ಲ ಅಂತ."

"ಗಾಳೀಗೆ ಇಷ್ಟು ಬಲ ಇದ್ಯಾ ಅಮ್ಮಣಿ? ಹಾಗಿದ್ರೆ ನಮ್ಮನ್ನ ಯಾಕೆ ಹಿಂಗೆ ಅಪ್ಪಚ್ಚಿ ಮಾಡಲ್ಲ ಅದು?"

"ನಮ್ಮೊಳಗೂ ಗಾಳಿ ಇದೆಯಲ್ಲ. ನಿನ್ನೊಳಗೆ ಸ್ವಲ್ಪ ಜಾಸ್ತೀನೇ ಇದೆ."

ಗಾಳಿ ತೆಗೆಯುವ ಪಾತ್ರೆಗಾಗಿ ಕೊಯಮತ್ತೂರಿನ ಉಕ್ಕಡಂ ಗುಜರಿ ಅಂಗಡಿಗೆಲ್ಲ ಯಾಕೆ ಅಲೆಯಬೇಕು, ಮನೆಯಲ್ಲೇ ಇಷ್ಟು ಗಟ್ಟಿ ಡ್ರಮ್ಮು ಇರುವಾಗ ಎಂದು ಹಟ ಹಿಡಿದವಳು ನಾನೇ. ಸ್ಟೀಲು ಬಾಗುತ್ತದೆಯೇ ಎಂದು ಅವಳನ್ನೇ ಕೇಳಿದ್ದೆ. ಬೇಡ ಅಜ್ಜಿ ಎಂದಳು, ನಾನು ಬಿಡಲಿಲ್ಲ. ಸರಿ, ಕಣ್ಣಾರೆ ನೋಡು ಎಂದು ಬಾಯಿಗೆ ದಪ್ಪ ಅಕ್ರಿಲಿಕ್ ಹಲಗೆ ಮುಚ್ಚಿ, ಪಂಪು ಹಾಕಿ ತೋರಿಸಿಬಿಟ್ಟಳು.

ನಾಚಿಕೆಯ ವಿಷಯ ಏನೆಂದರೆ, ಈ ವ್ಯಾಕ್ಯೂಮ್ ಎನ್ನುವುದು ನನಗೆ ಹೊಸದಲ್ಲ. ತಿರುಪ್ಪೂರಿನಲ್ಲಿ ಅಂಗಿಯ ಪ್ಲಾಸ್ಟಿಕ್ ಗುಂಡಿಗಳಿಗೆ ಬೆಳ್ಳಿ ಬಣ್ಣ ಬರಿಸುವ ಘಟಕದಲ್ಲಿ ನಾನು ಕೆಲಸ ಮಾಡಿದವಳು. ಗುಂಡಿಗಳನ್ನು ಕಂಬಿಗೆ ಸಿಕ್ಕಿಸಿ, ದೊಡ್ಡ ಉಕ್ಕಿನ ಪೀಪಾಯಿಯೊಳಗೆ ತಳ್ಳಿ, ಬಾಗಿಲು ಬಿಗಿದು, ಗಾಳಿ ಎಳೆದು, ಒಳಗೆ ತಂತಿಯ ಮೇಲೆ ಅಲ್ಯೂಮಿನಿಯಂ ಚೂರನ್ನು ಕಾಯಿಸಿದರೆ ಅದು ಆವಿಯಾಗಿ ಗುಂಡಿಗಳ ಮೇಲೆ ಕನ್ನಡಿಯ ಹಾಗೆ ಕೂರುತ್ತದೆ. ನಾನು ಅದನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಆದರೆ ಆ ಪೀಪಾಯಿ ಯಾಕೆ ಅಷ್ಟು ದಪ್ಪ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಗಾಳಿ ತುಳಿಯುತ್ತದೆ ಎಂದು ಯಾರು ಕಂಡಿದ್ದರು!

ನಾನು ಓದಿದ್ದು ಐದನೆಯ ಕ್ಲಾಸಿನವರೆಗೆ, ಅದೂ ತಮಿಳಿನಲ್ಲಿ. ಕನ್ನಡದ ಅಕ್ಷರ ಮನೆಯಲ್ಲಿ ಅಪ್ಪ ಕಲಿಸಿದ್ದು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಬರೆಯದೆ ಇರಲು ನನ್ನಿಂದ ಆಗುತ್ತಿಲ್ಲ. ಅಕ್ಕಪಕ್ಕದವರಿಗೆಲ್ಲ ಹೇಳಿ ಮುಗಿಯಿತು, ಈಗ ನಾನು ಬಾಯಿ ತೆರೆದರೆ ಅವರು ಬಾಗಿಲು ಹಾಕಿಕೊಳ್ಳುತ್ತಾರೆ.

ಮೊಮ್ಮಗಳು ಕೊಯಮತ್ತೂರಿನ ಕಾಲೇಜಿನಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಓದುತ್ತಿದ್ದಾಳೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅವಳ ತಲೆಯೊಳಗೆ ಹೊಕ್ಕಿದ್ದು ಫ್ಯೂಸರ್ ಎಂಬ ಯಂತ್ರ. ಅದೇನು ಎಂದು ನಾನು ಕೇಳಿದಾಗ ಅವರೆಕಾಯಿ ಬಿಡಿಸುತ್ತಿದ್ದ ಮೊರವನ್ನು ನನ್ನ ಕೈಯಿಂದ ತೆಗೆದುಕೊಂಡು, ಎರಡು ಕಾಳು ಎತ್ತಿ ಹಿಡಿದು ಹೇಳಿದಳು.

"ಸೂರ್ಯನ ಹೊಟ್ಟೇಲಿ ಹೈಡ್ರೋಜನ್ ಅಂತ ಸಣ್ಣ ಸಣ್ಣ ಕಣ ಇದ್ದಾವೆ ಅಜ್ಜಿ. ಒಂದನ್ನ ಕಂಡ್ರೆ ಇನ್ನೊಂದಕ್ಕೆ ಆಗಲ್ಲ, ದೂರ ತಳ್ತಾವೆ. ಆದ್ರೆ ಭಾಳ ಜೋರಾಗಿ ಗುದ್ದಿಸಿದ್ರೆ ಅಂಟ್ಕೊಂಡ್ಬಿಡ್ತಾವೆ. ಹಂಗೆ ಅಂಟ್ಕೊಂಡಾಗ ಹುಟ್ಟೋದೇ ಬಿಸಿಲು."

"ಅತ್ತೆ ಸೊಸೆ ತರ ಅನ್ನು."

"ಗುದ್ದಿಸಿದ್ರೆ ಅಂಟ್ಕೊಳ್ಳೋ ಅತ್ತೆ ಸೊಸೆ ಯಾವೂರಲ್ಲಿದ್ದಾರೆ ಅಜ್ಜಿ?"

ಮನೆಯಲ್ಲಿ ಅವಳು ಮಾಡಹೊರಟಿದ್ದು ಮೊದಲ ಮೆಟ್ಟಿಲು ಮಾತ್ರ. ಉಕ್ಕಿನ ಪಾತ್ರೆಯಿಂದ ಗಾಳಿ ತೆಗೆದು, ಅಳಿದುಳಿದ ಚೂರು ಗಾಳಿಗೆ ಹೆಚ್ಚು ವೋಲ್ಟೇಜಿನ ಕರೆಂಟು ಕೊಟ್ಟು, ನಡುವೆ ಇರುವ ತಂತಿಯ ಪಂಜರದೊಳಗೆ ಒಂದು ಬೆಳಕಿನ ಉಂಡೆ ನಿಲ್ಲಿಸುವುದು. ನಿಜವಾಗಿ ಕಣ ಕಣ ಅಂಟಿಸಲು ಬೇರೆ ಜಾತಿಯ ಹೈಡ್ರೋಜನ್ ಬೇಕು, ಸರ್ಕಾರದ ಅನುಮತಿ ಬೇಕು, ದಪ್ಪ ಮರೆ ಬೇಕು. ಅದೆಲ್ಲ ಕಾಲೇಜಿನ ಲ್ಯಾಬಿನಲ್ಲಿ, ದೊಡ್ಡವರ ಕಣ್ಣೆದುರು. ಅವಳ ಮೇಡಂ ಹೇಳಿದ್ದರಂತೆ: ಗಾಳಿ ಸೋರದ ಪಾತ್ರೆಯೊಂದನ್ನು ನೀನೇ ಕಟ್ಟಿ, ಅಪಾಯವಿಲ್ಲದೆ ಆ ಬೆಳಕು ನಿಲ್ಲಿಸಿ ತೋರಿಸಿದರೆ ಲ್ಯಾಬಿನಲ್ಲಿ ನಿನಗೊಂದು ಮೂಲೆ ಕೊಡುತ್ತೇನೆ ಎಂದು.

ಕೆಲಸಕ್ಕೆ ಮುಂಚೆ ಗೆಲ್ಲಬೇಕಾಗಿದ್ದು ನನ್ನ ಮಗನನ್ನು, ಅಂದರೆ ಅವಳ ಅಪ್ಪನನ್ನು. ಅವನು ಬನಿಯನ್ ಬಟ್ಟೆ ಹೆಣೆಯುವ ನಿಟ್ಟಿಂಗ್ ಮೆಷಿನ್‌ಗಳ ಫಿಟ್ಟರ್. ಗಟ್ಟಿ ಆಳು. ಆದರೆ ಕರೆಂಟು ಎಂದರೆ ಮುಖ ಬಿಳುಚಿಕೊಳ್ಳುತ್ತದೆ. ಅವನ ಜೊತೆ ಕೆಲಸ ಮಾಡುತ್ತಿದ್ದವನೊಬ್ಬ ಪ್ಯಾನಲ್ ಬೋರ್ಡಿಗೆ ಕೈ ಅಂಟಿಕೊಂಡು ಇವನ ಎದುರಿಗೇ ಹೋಗಿಬಿಟ್ಟಿದ್ದ.

"ರೋಬೋಟ್ ಮಾಡು, ಡ್ರೋನ್ ಮಾಡು, ಏನ್ ಬೇಕಾದ್ರೂ ಮಾಡು ಸಾಮಿ. ಆಳ್ ತಿನ್ನೋ ಕರೆಂಟ್ ನಮ್ಮನೇಲಿ ಬೇಡ," ಎಂದ. ಅವಳು ಅತ್ತಳು, ಊಟ ಬಿಟ್ಟಳು, ಯಾವ ತಂತಿ ಎಲ್ಲಿ ಹೋಗುತ್ತದೆ ಎಂದು ಚಿತ್ರ ಬರೆದು ತೋರಿಸಿದಳು. ಕೊನೆಗೆ ಅವನು ಒಂದು ಮಾತು ಕೊಟ್ಟ, ಆ ಮಾತಿನಲ್ಲೇ ಒಂದು ಕತ್ತರಿಯನ್ನೂ ಇಟ್ಟ.

"ಒಂದೇ ದಪ. ನಿಮ್ ಮೇಡಂ ಇಲ್ಲಿಗೆ ಬರ್ಲಿ. ಅವ್ರ ಮುಂದೆ ನೀನ್ ಹೇಳಿದ್ದು ಹೇಳಿದಂಗೆ ನಡೀಬೇಕು. ನಡೀಲಿಲ್ಲಾಂದ್ರೆ ಮಾರನೇ ದಿನ ಎಲ್ಲಾ ವಾಪಸ್ ಗುಜರಿಗೆ. ಆಮೇಲೆ ಮನೇಲೂ ಬೇಡ, ಕಾಲೇಜಲ್ಲೂ ಬೇಡ. ಸರೀನಾ?"

"ಸರಿ ಅಪ್ಪಾ," ಎಂದಳು.

ನಮ್ಮ ಮನೆಯ ಹಿಂದೆ ಮಗ್ಗದ ಕೋಣೆ ಇದೆ. ಮಗ್ಗ ಈಗ ಇಲ್ಲ, ನೇಯುವವರು ಕಾಲು ಇಳಿಬಿಟ್ಟು ಕೂರುತ್ತಿದ್ದ ಕುಣಿ ಮಾತ್ರ ಹಾಗೆಯೇ ಇದೆ. ಮೊಮ್ಮಗಳು ಪಂಪನ್ನು ಆ ಕುಣಿಯೊಳಗೆ ಇಳಿಸಿದಳು. ಸದ್ದೂ ಕಡಿಮೆ, ಅದುರುವುದೂ ಕಡಿಮೆ. ಆ ಪಂಪು ನನ್ನ ಘಟಕದ ದೊಡ್ಡ ಪಂಪಿನ ಪಕ್ಕದಲ್ಲಿದ್ದ ಸಣ್ಣದು, ಅವರು ಹೊಸ ಮೆಷಿನ್ ಹಾಕಿದಾಗ ನಾನು ಕೇಳಿ ತಂದದ್ದು. ಅದರ ಎಣ್ಣೆ ಬದಲಿಸಿದೆವು. ಹಳೆಯದು ಕಾಫಿ ಕಷಾಯದ ಹಾಗೆ ಸುರಿಯಿತು.

ಪಾತ್ರೆ ಉಕ್ಕಡಂ ಗುಜರಿಯಲ್ಲೇ ಸಿಕ್ಕಿತು. ನಾನೂ ಅವಳ ಜೊತೆ ಹೋಗಿದ್ದೆ. ಯಾವುದೋ ಕಾರ್ಖಾನೆಯಿಂದ ಬಂದ ದಪ್ಪ ಸ್ಟೇನ್‌ಲೆಸ್ ಪೈಪಿನ ತುಂಡು, ಎರಡು ಕಡೆಯೂ ಬೋಲ್ಟು ಹಾಕುವ ಅಗಲ ಅಂಚು. ಅವಳು ಉಗುರಿನಿಂದ ಅಂಚನ್ನು ಸವರಿ ಸವರಿ ಗೀರು ಇದೆಯೇ ಎಂದು ನೋಡುತ್ತಿದ್ದರೆ ಅಂಗಡಿಯವರು ನನ್ನನ್ನು ತಮಿಳಿನಲ್ಲಿ ಕೇಳಿದರು, "ಏನಮ್ಮಾ, ಹುಡುಗಿ ಒಡವೆ ಅಂಗಡಿಗೆ ಬಂದಿದ್ದೀನಿ ಅಂದ್ಕೊಂಡಿದ್ದಾಳಾ?"

ಲೇತ್‌ನಲ್ಲಿ ಎರಡು ಮುಚ್ಚಳ ಕಡೆಸಿದೆವು. ಒಂದರಲ್ಲಿ ದಪ್ಪ ಗಾಜಿನ ಕಿಟಕಿ. ಇನ್ನೊಂದರ ನಡುವಿನಿಂದ ಒಂದು ಪಿಂಗಾಣಿ ಕೊಳವೆ, ಅದರೊಳಗೆ ಉಕ್ಕಿನ ಕಡ್ಡಿ, ಕಡ್ಡಿಯ ತುದಿಗೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ತಂತಿಯ ಪಂಜರ. ಮುಚ್ಚಳ ಕೂರುವ ಕಡೆ ರಬ್ಬರಿನ ಉಂಗುರ. ಪಂಪಿಗೂ ಪಾತ್ರೆಗೂ ನಡುವೆ ಒಂದು ವಾಲ್ವು. ಒಳಗೆ ಎಷ್ಟು ಗಾಳಿ ಉಳಿದಿದೆ ಎಂದು ಹೇಳುವ ಮುಳ್ಳಿನ ಗೇಜು. ಟ್ರಾನ್ಸ್‌ಫಾರ್ಮರನ್ನು ಕಬ್ಬಿಣದ ಬಲೆಯ ಪೆಟ್ಟಿಗೆಯಲ್ಲಿ ಕೂರಿಸಿ, ಎಲ್ಲವನ್ನೂ ಅರ್ತ್ ಗುಂಡಿಗೆ ಕಟ್ಟಿದಳು. ಅರ್ತ್ ಗುಂಡಿಯನ್ನು ಮಗನೇ ತೋಡಿದ. ಬೇಡ ಬೇಡ ಎನ್ನುತ್ತಲೇ ಬೇಕಾದ್ದಕ್ಕಿಂತ ಆಳವಾಗಿ ತೋಡಿದ.

ನನ್ನ ಕೆಲಸ ಎರಡು. ಒಂದು, ಟ್ರಾನ್ಸ್‌ಫಾರ್ಮರಿನ ಮೇನ್ ಸ್ವಿಚ್ಚು, ಪಂಪಿನ ಲೈನು ಬೇರೆ. ಕುಣಿಯ ಅಂಚಿನಲ್ಲಿ, ಹಿಂದೆ ನೇಯುವವರು ಕೂರುತ್ತಿದ್ದ ಹಲಗೆಯ ಮೇಲೆ ನಾನು ಕೂರಬೇಕು, ಕೈ ಲಿವರ್ ಮೇಲೆ. ಅವಳು ಎರಡೂ ಕೈಯನ್ನು ಮೇಲೆತ್ತಿ ನನಗೆ ತೋರಿಸಿ "ಹಾಕು" ಎಂದರೆ ಮಾತ್ರ ಹಾಕಬೇಕು. ಅವಳ ಒಂದು ಕೈ ಕಾಣದಿದ್ದರೂ ದೇವರೇ ಬಂದು ಹೇಳಿದರೂ ಹಾಕಬಾರದು. ಏನಾದರೂ ವಿಚಿತ್ರ ಕಂಡರೆ ಕೇಳದೆ ಇಳಿಸಬೇಕು. ಆರಿಸಿದ ಮೇಲೂ ಉದ್ದ ಹಿಡಿಯ ಕೋಲಿನಿಂದ ತಂತಿಯನ್ನು ಅರ್ತ್‌ಗೆ ಮುಟ್ಟಿಸುವ ತನಕ ಯಾರೂ ಹತ್ತಿರ ಹೋಗಬಾರದು. ಗಾಜಿಗೆ ಕಣ್ಣಿಟ್ಟು ನೋಡುವಂತೆಯೇ ಇಲ್ಲ. ಫೋನಿನ ಕ್ಯಾಮೆರಾ ನೋಡುತ್ತದೆ, ನಾವು ಪಾತ್ರೆಗೂ ನನ್ನ ಹಲಗೆಗೂ ನಡುವಿನ ಅಡ್ಡಗೋಡೆಯ ಈಚೆ ಲ್ಯಾಪ್‌ಟಾಪಿನಲ್ಲಿ ನೋಡಬೇಕು.

ಎರಡನೆಯ ಕೆಲಸ, ಪಾತ್ರೆಯೊಳಗಿನ ಶುಚಿ. ಇದು ನಾನೇ ಕೇಳಿ ತೆಗೆದುಕೊಂಡದ್ದು. ಮೊಮ್ಮಗಳು ಸ್ಪಿರಿಟ್ಟಿನಿಂದ ಒಳಗೆಲ್ಲ ಒರೆಸಿ, ರಬ್ಬರ್ ಉಂಗುರ ತೊಳೆಯಲು ಹಿತ್ತಲಿಗೆ ಹೋಗುತ್ತಿದ್ದಳು. ಕೊನೆಯ ಕೈ ನನ್ನದು. ಬನಿಯನ್ ವೇಸ್ಟು, ಅಂದರೆ ಬನಿಯನ್ ಬಟ್ಟೆಯ ಕತ್ತರಿಸಿದ ಚೂರು, ತೆಗೆದುಕೊಂಡು, ಘಟಕದಲ್ಲಿ ಮಾಡುತ್ತಿದ್ದ ಹಾಗೆಯೇ ಮೂಲೆ ಮೂಲೆಯನ್ನೂ ತಿಕ್ಕಿ ಹೊಳೆಯಿಸುತ್ತಿದ್ದೆ. ಅವಳು ಬಂದು ಇಣುಕಿ, "ಅಜ್ಜಿ, ಮುಖ ಕಾಣ್ತದೆ!" ಎಂದು ನನ್ನ ಕೆನ್ನೆ ಹಿಂಡುತ್ತಿದ್ದಳು. ಆ ಹೊತ್ತಿನಲ್ಲಿ ನನಗೆ ಸ್ವರ್ಗ.

ಮೊದಲ ಸಲ ಪಂಪು ಹಾಕಿದಾಗ ಗೇಜಿನ ಮುಳ್ಳು ಸರಸರನೆ ಇಳಿಯಿತು. ನಾವಿಬ್ಬರೂ ಕೈ ತಟ್ಟಿದೆವು. ಇಳಿಯುತ್ತ ಇಳಿಯುತ್ತ, ಬೇಕಾದ ಗುರುತಿಗೆ ಇನ್ನೂ ದೂರ ಇರುವಾಗಲೇ ಮುಳ್ಳು ನಿಂತಿತು. ಕಾದೆವು. ಅಡುಗೆ ಮಾಡಿ ಬಂದೆ, ಮುಳ್ಳು ಅಲ್ಲೇ. ಬಟ್ಟೆ ಒಗೆದು ಬಂದೆ, ಅಲ್ಲೇ.

"ಎಲ್ಲೋ ಸೋರ್ತಿದೆ," ಎಂದಳು.

ಅಲ್ಲಿಂದ ಶುರುವಾಯಿತು ಹುಡುಕಾಟ. ಸೋರುವ ತೂತು ಕಣ್ಣಿಗೆ ಕಾಣುವುದಿಲ್ಲ. ಸಿರಿಂಜಿನಲ್ಲಿ ಸ್ಪಿರಿಟ್ ತುಂಬಿ ಒಂದೊಂದೇ ಜೋಡಣೆಯ ಮೇಲೆ ಒಂದೊಂದು ಹನಿ ಬಿಡಬೇಕು. ತೂತಿದ್ದರೆ ಸ್ಪಿರಿಟ್ಟಿನ ಆವಿ ಒಳಕ್ಕೆ ಹೋಗಿ ಮುಳ್ಳು ಜಿಗಿಯುತ್ತದೆ. ಅವಳು ಹನಿ ಬಿಡುವುದು, ನಾನು ಮುಳ್ಳು ನೋಡುವುದು. "ಜಿಗೀತಾ?" "ಇಲ್ಲ." "ಈಗ?" "ಇಲ್ಲ ಅಮ್ಮಣಿ." ಬೋಲ್ಟಿನ ಸುತ್ತ, ಪಿಂಗಾಣಿಯ ಬುಡದಲ್ಲಿ, ಗಾಜಿನ ಅಂಚಿನಲ್ಲಿ, ಗೇಜಿನ ಕುತ್ತಿಗೆಯಲ್ಲಿ. ಮುಳ್ಳು ಸತ್ತ ಹಾಗೆ ಬಿದ್ದಿತ್ತು.

ವಾಲ್ವು ಮುಚ್ಚಿ ನೋಡಿದಳು. ಪಂಪಿನ ಸಹಾಯ ತಪ್ಪಿದ ತಕ್ಷಣ ಮುಳ್ಳು ಮೇಲೇರತೊಡಗಿತು. "ನೋಡಿದ್ಯಾ, ಸೋರ್ತಿದೆ, ಸೋರ್ತಿದೆ," ಎಂದು ವಾಲ್ವು ತೆರೆದಳು. ರಬ್ಬರ್ ಉಂಗುರ ಬದಲಿಸಿದಳು. ಲೇತ್ ಅಂಗಡಿಗೆ ಹೊತ್ತುಕೊಂಡು ಹೋಗಿ ಅಂಚನ್ನು ಮತ್ತೆ ಸಮ ಮಾಡಿಸಿದಳು. ಕಿಟಕಿಯ ಗಾಜನ್ನು ಬಿಚ್ಚಿ ಕೂರಿಸಿದಳು. ಪ್ರತಿ ಸಲ ಬಿಚ್ಚಿದಾಗಲೂ ಅವಳು ಸ್ಪಿರಿಟ್ಟಿನಿಂದ ಒರೆಸುವಳು, ಆಮೇಲೆ ನಾನು ನನ್ನ ಕೊನೆಯ ಕೈ ಮುಗಿಸುವೆ. ಪ್ರತಿ ಸಲವೂ ಮುಳ್ಳು ಅಲ್ಲೇ ಬಂದು ನಿಲ್ಲುವುದು. ಒಮ್ಮೆ ಇನ್ನೂ ಮೇಲೆಯೇ ನಿಂತಿತು!

ಮೇಡಂ ಬರುವ ದಿನ ಹತ್ತಿರ ಬಂತು. ಹುಡುಗಿ ಸೊರಗಿದಳು. ಮಗ ಏನೂ ಹೇಳಲಿಲ್ಲ, ಆದರೆ ಗುಜರಿಗೆ ಒಯ್ಯಲು ಗೆಳೆಯನ ಸಣ್ಣ ಲಾರಿ ಸಿಗುತ್ತದೆಯೇ ಎಂದು ಫೋನಿನಲ್ಲಿ ಕೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಅವಳ ಕಿವಿಗೂ ಬಿದ್ದಿರಬೇಕು.

ಮೇಡಂ ಬಂದರು. ನಮ್ಮ ಹಾಗೆ ಇಲ್ಲಿ ತಲೆಮಾರಿನಿಂದ ಇರುವವರಲ್ಲ, ಕರ್ನಾಟಕದಿಂದ ಕೆಲಸಕ್ಕಾಗಿ ಬಂದವರು. ಅವರು ಕನ್ನಡ ಮಾತಾಡಿದರೆ ರೇಡಿಯೋ ಕೇಳಿದ ಹಾಗೆ ಇರುತ್ತದೆ. ನನ್ನ ಮಾತು ಕೇಳಿ ಅವರಿಗೂ ಮುಖ ಅರಳಿತು.

"ನಿಮ್ಮ ಕನ್ನಡ ಕೇಳೋಕೆ ಎಷ್ಟು ಚೆನ್ನಾಗಿದೆ ಅಮ್ಮ," ಎಂದರು.

"ಅರ್ಧ ತಮಿಳು ಮೇಡಂ. ಮಿಕ್ಕಿದ್ದು ಸತ್ತಂ," ಎಂದೆ. ಸತ್ತಂ ಎಂದರೆ ಸದ್ದು ಎಂದು ಮೊಮ್ಮಗಳು ಅವರಿಗೆ ಬಿಡಿಸಿ ಹೇಳಿದಳು. ನಗಲಿಲ್ಲ ಅವಳು, ಮುಖ ಬಾಡಿತ್ತು.

ಪಂಪು ಬೆಳಗಿನಿಂದ ಓಡುತ್ತಿತ್ತು. ಮುಳ್ಳು ಅದೇ ಹಾಳು ಜಾಗದಲ್ಲಿ ನಿಂತಿತ್ತು. ಮೇಡಂ ಅರ್ತ್ ತಂತಿ ಎಳೆದು ನೋಡಿದರು, ಬಲೆಯ ಪೆಟ್ಟಿಗೆ ನೋಡಿದರು, ಕೋಲು ನೋಡಿದರು, ನನ್ನ ಜಾಗ ನೋಡಿದರು. ಎಲ್ಲದಕ್ಕೂ ತಲೆಯಾಡಿಸಿದರು. ಮಗ ಬಾಗಿಲಿಗೆ ಒರಗಿ ನಿಂತಿದ್ದ.

"ವ್ಯಾಕ್ಯೂಮ್ ಸಾಲ್ತಿಲ್ಲ ಮೇಡಂ," ಎಂದಳು ಮೊಮ್ಮಗಳು, ನೆಲ ನೋಡುತ್ತಾ.

"ಸಾಲ್ದೇ ಇದ್ರೆ ಕರೆಂಟ್ ಜಾಸ್ತಿ ಕೊಟ್ರೆ ಆಗಲ್ವಾ?" ಎಂದ ಮಗ. ನನಗೆ ನಂಬಲಿಕ್ಕೇ ಆಗಲಿಲ್ಲ, ಕರೆಂಟು ಎಂದರೆ ಹೆದರುವವನ ಬಾಯಲ್ಲಿ ಈ ಮಾತು! "ಮೇಡಂ ಇಷ್ಟು ದೂರ ಬಂದವ್ರೆ. ಏನೋ ಒಂಚೂರು ಬೆಳಕಾದ್ರೂ ಕಾಣ್ಲಿ." ಮಗಳ ಮುಖ ನೋಡಲಾರದೆ ಹೇಳಿದ್ದು ಅದು, ನನಗೆ ಗೊತ್ತು.

ಅವಳು ವೋಲ್ಟೇಜು ಏರಿಸುವ ಡಯಲ್ಲಿನ ಹತ್ತಿರ ಹೋದಳು. ನನ್ನ ಕೈ ಲಿವರ್ ಮೇಲಿತ್ತು. ಅವಳು ಎರಡೂ ಕೈ ಎತ್ತುತ್ತಾಳೆ ಎಂದು ಕಾದೆ. ಎತ್ತಲಿಲ್ಲ. ಬೋರ್ಡಿನ ಹತ್ತಿರ ಬಂದು ಟ್ರಾನ್ಸ್‌ಫಾರ್ಮರಿನ ಫ್ಯೂಸನ್ನು ಕಿತ್ತು ನನ್ನ ಮಡಿಲಿಗೆ ಹಾಕಿದಳು.

"ಬೇಡಪ್ಪಾ. ಇಷ್ಟು ಗಾಳೀಲಿ ಹಾಕಿದ್ರೆ ಎಲ್ಲಾ ಕಡೆ ಮಬ್ಬು ಬೆಳಕು ಬರ್ತದೆ, ಟ್ರಾನ್ಸ್‌ಫಾರ್ಮರ್ ಮೇಲೆ ಭಾರ ಬೀಳ್ತದೆ. ಎಲ್ಲಿ ಕಿಡಿ ಹಾರ್ತದೆ ನಂಗೇ ಗೊತ್ತಿಲ್ಲ. ಗೊತ್ತಿಲ್ದೆ ಇರೋದನ್ನ ಅಜ್ಜಿ ಕೂತಿರೋ ಕೋಣೇಲಿ ನಾನ್ ಮಾಡಲ್ಲ. ನಾಳೆ ಲಾರಿ ಕರ್ಸಿ."

ಕುಣಿಯೊಳಗಿನ ಪಂಪು ಗೊಣಗುತ್ತಲೇ ಇತ್ತು. ಇಷ್ಟು ದಿನದ ಅಲೆದಾಟ ಒಂದು ಮಾತಿನಲ್ಲಿ ಮುಗಿಯಿತಲ್ಲ!

ಮೇಡಂ ಕುರ್ಚಿ ಎಳೆದುಕೊಂಡು ಗೇಜಿನ ಮುಂದೆ ಕೂತರು. "ವಾಲ್ವ್ ಮುಚ್ಚಿ ನೋಡಿದ್ದೀಯಾ?"

"ನೋಡಿದೆ ಮೇಡಂ. ಮುಚ್ಚಿದ ತಕ್ಷಣ ಏರ್ತದೆ."

"ಎಷ್ಟು ಹೊತ್ತು ನೋಡಿದೆ?"

ಏರಿದ್ದನ್ನು ಕಂಡ ತಕ್ಷಣ ಅವಳು ತೆರೆದುಬಿಡುತ್ತಿದ್ದಳು. ಅದು ನನಗೂ ಗೊತ್ತು.

"ಈಗ ಮುಚ್ಚು. ಮುಟ್ಟಬೇಡ. ಅಮ್ಮ, ಕಾಫಿ ಸಿಗುತ್ತಾ?"

ನಾನು ಕಾಫಿ ತರುವಷ್ಟರಲ್ಲಿ ಮೊಮ್ಮಗಳು ಗೇಜಿನ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಳು. ಗಡಿಯಾರ ನೋಡಿಕೊಂಡು ಸಮ ಸಮ ಹೊತ್ತಿಗೆ, ಮುಳ್ಳು ಎಷ್ಟು ಏರಿದೆಯೋ ಅಷ್ಟು ಎತ್ತರಕ್ಕೆ ಒಂದೊಂದು ಗೆರೆ. ಮೊದಲ ಗೆರೆಗಳು ಏಣಿಯ ಮೆಟ್ಟಿಲಿನ ಹಾಗೆ ದೂರ ದೂರ. ಆಮೇಲಿನವು ಹತ್ತಿರ. ಇನ್ನೂ ಆಮೇಲೆ ಬಾಚಣಿಗೆಯ ಹಲ್ಲಿನ ಹಾಗೆ ಒತ್ತೊತ್ತಾಗಿ. ಕಾಫಿ ಆರಿ ತಣ್ಣಗಾಯಿತು. ಮುಳ್ಳು ಏರುವುದನ್ನೇ ಬಿಟ್ಟಿತು!

ಮೊಮ್ಮಗಳ ಕೈಯಿಂದ ಸೀಮೆಸುಣ್ಣ ಬಿತ್ತು. "ತೂತಲ್ಲ," ಎಂದಳು.

"ತೂತಿದ್ದರೆ ಹೊರಗಿನ ಗಾಳಿ ಬರ್ತಾನೇ ಇರಬೇಕಿತ್ತು. ಏರೋದು ನಿಲ್ತಾ ಇರಲಿಲ್ಲ," ಎಂದರು ಮೇಡಂ. "ಇದು ಒಳಗಿಂದಲೇ ಬರ್ತಿದೆ. ಪಾತ್ರೆಯ ಗೋಡೆ ಬೆವರ್ತಿದೆ. ಒಳಗೆ ಏನು ಹಚ್ಚಿದ್ದೀಯಾ?"

"ಏನೂ ಇಲ್ಲ ಮೇಡಂ. ಸ್ಪಿರಿಟ್ ಮಾತ್ರ. ಆಮೇಲೆ ಅಜ್ಜಿ ಬಟ್ಟೇಲಿ ಒರೆಸ್ತಾರೆ, ಅಷ್ಟೇ."

ಮೇಡಂ ನನ್ನ ಕಡೆ ತಿರುಗಿದರು. "ಯಾತರಲ್ಲಿ ಒರೆಸ್ತೀರಾ ಅಮ್ಮ?"

"ಬನಿಯನ್ ವೇಸ್ಟಲ್ಲಿ ಮೇಡಂ, ಭಾಳ ಶುದ್ಧ," ಎಂದೆ. ಹೆಮ್ಮೆಯಿಂದಲೇ ಹೇಳಿದೆ. "ಒಂಚೂರು ಬಟ್ಟೆ ಸೋಪು ಒದ್ದೆ ಮಾಡಿ ಹಚ್ಚಿ, ಮೇಲೆ ಒಣಬಟ್ಟೇಲಿ ತಿಕ್ಕಿದ್ರೆ ಕನ್ನಡಿ ತರ ಆಗ್ತದೆ."

ಮೇಡಂ ಕಾಫಿ ಲೋಟ ಕೆಳಗಿಟ್ಟರು.

"ಸೋಪಾ?" ಎಂದಳು ಮೊಮ್ಮಗಳು.

"ಹೂಂ. ಘಟಕದಲ್ಲಿ ನಾವೆಲ್ಲ ಹಂಗೇ ಮಾಡೋದು. ಪೀಪಾಯಿ ಗೋಡೆಗೂ ಅಲ್ಯೂಮಿನಿಯಂ ಅಂಟ್ಕೊಳ್ತದಲ್ಲ. ಸೋಪು ಹಚ್ಚಿದ್ರೆ ಆಮೇಲೆ ಹಪ್ಪಳ ತರ ಕಿತ್ತು ಬರ್ತದೆ. ನಿನ್ ಪಂಜರದ ತಂತಿ ಕಾದ್ರೆ ಅದೂ ಸ್ವಲ್ಪ ಸಿಡಿದು ಗೋಡೆಗೆ ಅಂಟ್ಕೊಳ್ತದೆ ಅಂತ ನೀನೇ ಹೇಳಿದ್ಯಲ್ಲ ಅಮ್ಮಣಿ. ಅದಕ್ಕೇ ಪ್ರತಿ ಸಲಾನೂ ಹಚ್ಚಿದ್ದೆ. ಹೋದ ಸಲ ಎರಡು ಕೈ ಜಾಸ್ತೀನೇ ಹಚ್ಚಿದ್ದೆ, ಮೇಡಂ ಬರ್ತಾರೆ ಅಂತ."

ಘಟಕದ ಪೀಪಾಯಿಯ ಪಂಪು ನಮ್ಮದಕ್ಕಿಂತ ನೂರು ಪಾಲು ದೊಡ್ಡದು, ಸೋಪಿನ ತೇವವನ್ನೆಲ್ಲ ಒಂದೇ ಗುಟುಕಿಗೆ ಎಳೆದುಬಿಡುತ್ತಿತ್ತು ಎಂದು ಆಮೇಲೆ ಮೇಡಂ ವಿವರಿಸಿದರು. ನಮ್ಮ ಪುಟ್ಟ ಪಂಪು ಎಷ್ಟು ಎಳೆದರೂ ಗೋಡೆ ಅಷ್ಟೇ ಬೆವರುತ್ತಿತ್ತು. ಆ ಹೊತ್ತಿಗೆ ಇದು ಯಾವುದೂ ನನ್ನ ತಲೆಗೆ ಹೋಗಲಿಲ್ಲ. ಹುಡುಗಿಯ ಕೆಲಸವನ್ನು ನನ್ನ ಕೈಯಾರೆ ತೊಳೆದುಬಿಟ್ಟೆನಲ್ಲ ಎಂಬುದೊಂದೇ ಅಲ್ಲಿ ಸುತ್ತುತ್ತಿತ್ತು.

ಮೊದಲು ನಕ್ಕವನು ನನ್ನ ಮಗ. ಬಾಗಿಲ ಚೌಕಟ್ಟು ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ನೆಲಕ್ಕೆ ಕೂತುಬಿಟ್ಟ. "ಲೇತಂಗಡಿಯವನಿಗೆ ನಾನ್ ಎಷ್ಟು ಬೈದೆ! ಉಂಗುರ ಮಾರ್ದವನಿಗೆ ಬೈದೆ! ಅಮ್ಮಾ, ನೀನು ಸೂರ್ಯನಿಗೇ ಸೋಪು ಹಚ್ಬಿಟ್ಯಲ್ಲಮ್ಮಾ!"

ಮೇಡಂ ಕಣ್ಣೀರು ಬರುವಷ್ಟು ನಕ್ಕರು. ಮೊಮ್ಮಗಳು ನಗಲೂ ಇಲ್ಲ, ಬೈಯಲೂ ಇಲ್ಲ. ಬಂದು ನನ್ನನ್ನು ಅಪ್ಪಿಕೊಂಡಳು, ಬಿಟ್ಟ ತಕ್ಷಣ ಸ್ಪ್ಯಾನರ್ ಎತ್ತಿಕೊಂಡಳು. "ಮೇಡಂ, ಸಾಯಂಕಾಲದ ತನಕ ಇರ್ತೀರಾ?"

"ಇರ್ತೀನಿ. ಆದರೆ ಅಮ್ಮ ಒಳಗೆ ಕೈ ಹಾಕಬಾರದು," ಎಂದರು.

ಗಾಳಿ ಬಿಟ್ಟು, ಬೋಲ್ಟು ಬಿಚ್ಚಿದೆವು. ಪಾತ್ರೆಯನ್ನು ಹಿತ್ತಲಿಗೆ ಹೊತ್ತೊಯ್ದು ಬಿಸಿನೀರು ಹುಯ್ದರೆ ನೊರೆ ಬಂತು! ಅದನ್ನು ಕಂಡು ಮಗ ಮತ್ತೊಂದು ಸಲ ನಕ್ಕ. ನೊರೆ ನಿಲ್ಲುವ ತನಕ ಹುಯ್ದವನು ಅವನೇ. ನೀರು ಕಾಯಿಸಿ ಕಾಯಿಸಿ ಕೊಟ್ಟವಳು ನಾನು. ಆಮೇಲೆ ಸ್ಪಿರಿಟ್ಟಿನಿಂದ ಮೇಲಿಂದ ಮೇಲೆ ಒರೆಸಿದರು, ತಲೆಕೂದಲು ಒಣಗಿಸುವ ಮೆಷಿನ್ ಹಿಡಿದು ಪಾತ್ರೆಯನ್ನು ಕೈ ಇಡಲಾರದಷ್ಟು ಬಿಸಿ ಮಾಡಿದರು. ಕೈಗವಸು ಹಾಕಿಕೊಂಡು ಮುಚ್ಚಿದರು. ನಾನು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ.

ಪಂಪು ಹಾಕಿದರು. ಮುಳ್ಳು ಇಳಿಯಿತು. ಆ ಹಾಳು ಜಾಗಕ್ಕೆ ಬಂತು. ಅಲ್ಲಿ ನಿಲ್ಲುತ್ತದೆ ಎಂದು ನಾನು ಕಣ್ಣು ಮುಚ್ಚಿದೆ.

"ಅಜ್ಜಿ, ಕಣ್ ಬಿಡು!"

ಮುಳ್ಳು ಅಲ್ಲಿ ನಿಲ್ಲದೆ ದಾಟಿ ಹೋಗಿತ್ತು. ಇನ್ನೂ ಇಳಿಯುತ್ತಿತ್ತು. ಬಿಸಿಲು ಓರೆಯಾಗುವ ಹೊತ್ತಿಗೆ ಬೇಕಾದ ಗುರುತನ್ನು ಮುಟ್ಟಿ, ಅದರ ಕೆಳಗೂ ಹೋಯಿತು. ಮೊಮ್ಮಗಳು ವಾಲ್ವು ಮುಚ್ಚಿ, ಈ ಸಲ ಅವಸರ ಮಾಡದೆ ಕಾದಳು. ಮುಳ್ಳು ಹೆಚ್ಚುಕಡಿಮೆ ಅಲುಗಲೇ ಇಲ್ಲ.

ಮಗ ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲೆ ಮಾಡಿದ. ಎಲ್ಲರೂ ಅಡ್ಡಗೋಡೆಯ ಈಚೆಗೆ ಬಂದೆವು. ನಾನು ಸೆರಗಿನಲ್ಲಿ ಗಂಟು ಹಾಕಿಟ್ಟುಕೊಂಡಿದ್ದ ಫ್ಯೂಸು ಬೋರ್ಡಿಗೆ ಹೋಯಿತು. ಮೊಮ್ಮಗಳು ಎರಡೂ ಕೈ ಎತ್ತಿ ತೋರಿಸಿದಳು. ಹತ್ತು ಬೆರಳು ಕಂಡೆ.

"ಹಾಕು ಅಜ್ಜಿ."

ಹಾಕಿದೆ. ಅವಳು ಡಯಲ್ಲನ್ನು ನಿಧಾನವಾಗಿ, ಹಾಲು ಉಕ್ಕದ ಹಾಗೆ ಉರಿ ಏರಿಸುವಂತೆ, ತಿರುಗಿಸಿದಳು. ಲ್ಯಾಪ್‌ಟಾಪಿನಲ್ಲಿ ಬರೀ ಕಪ್ಪು. ಇನ್ನೂ ಕಪ್ಪು. ಆಮೇಲೆ ಎಲ್ಲಿಂದಲೋ ಒಂದು ಗುಲಾಬಿ ಮಬ್ಬು ಎದ್ದು ಪಾತ್ರೆಯನ್ನೆಲ್ಲ ತುಂಬಿತು. ನನ್ನ ಕೈ ಲಿವರನ್ನು ಇಳಿಸಲು ಹೋಯಿತು, ಇದು ವಿಚಿತ್ರವೋ ಸರಿಯೋ ತಿಳಿಯದೆ. "ಸರಿ ಇದೆ ಅಜ್ಜಿ, ಸರಿ ಇದೆ," ಎಂದಳು. ಇನ್ನೊಂದು ಚೂರು ತಿರುಗಿಸಿದಳು.

ಮಬ್ಬು ಒಳಕ್ಕೆ ಸರಿಯಿತು. ಸರಿದು ಸರಿದು ಆ ತಂತಿಯ ಪಂಜರದೊಳಗೆ ಹೊಕ್ಕು ಕೂತಿತು. ನೇರಳೆ ಬಣ್ಣದ ಒಂದು ಉಂಡೆ. ಬೆಂಕಿಯಲ್ಲ, ಬಲ್ಬಲ್ಲ. ಯಾವುದನ್ನೂ ಮುಟ್ಟದೆ ನಡುವೆ ತೇಲುವ ಒಂದು ಬೆಳಕು. ಪಂಜರದ ಸಂದುಗಳಿಂದ ಒಂದೊಂದು ಕಿರಣ, ಹೆಣಿಗೆಯ ಸೂಜಿಯಷ್ಟು ನೇರ, ಹೊರಗೆ ಚಾಚಿತ್ತು. ಅದು ಅದುರಲಿಲ್ಲ. ಆರಲಿಲ್ಲ. ನಮ್ಮ ಮಗ್ಗದ ಕೋಣೆಯಲ್ಲಿ ಒಂದು ನಕ್ಷತ್ರ ಕೂತಿತ್ತು!

ಕೈಯಲ್ಲಿ ಲಿವರ್ ಇತ್ತಾದ್ದರಿಂದ ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ, ನೀರು ಗಲ್ಲದಿಂದ ಸೀರೆಗೆ ಬಿತ್ತು. ಗಾಳಿ ತೆಗೆದ ಪಾತ್ರೆಯೊಳಗೆ ಏನೂ ಇಲ್ಲ ಎಂದುಕೊಂಡೇ ಅಷ್ಟು ವರ್ಷ ಗುಂಡಿಗಳಿಗೆ ಬೆಳ್ಳಿ ಹಚ್ಚಿದ್ದೆ ನಾನು. ಆ ಏನೂ ಇಲ್ಲದ್ದರೊಳಗೆ ಇದಿತ್ತೇ?

ಮೊಮ್ಮಗಳು ಡಯಲ್ಲನ್ನು ಇಳಿಸಿದಳು. "ಆರಿಸು ಅಜ್ಜಿ." ಆರಿಸಿದೆ. ಕೋಲಿನಿಂದ ತಂತಿಯನ್ನು ಅರ್ತ್‌ಗೆ ಮುಟ್ಟಿಸಿ ಬಂದು ನಿಂತಳು. ಮೇಡಂ ಅವಳ ಕೈ ಹಿಡಿದುಕೊಂಡು, "ಬೆಳಕು ಚೆನ್ನಾಗಿತ್ತು," ಎಂದರು. "ಆದರೆ ಬೆಳಿಗ್ಗೆ ಫ್ಯೂಸ್ ಕಿತ್ತೆಯಲ್ಲ, ಲ್ಯಾಬಿನ ಮೂಲೆ ನಿನಗೆ ಅಂತ ನಾನು ಆಗಲೇ ತೀರ್ಮಾನ ಮಾಡಿದ್ದೆ."

ಹುಡುಗಿ ಅಪ್ಪನ ಕಡೆ ನೋಡಿದಳು. ಮೇಡಂ ಹೇಳಿದರೆ ಆಯಿತೇ? ಕತ್ತರಿ ಅವನ ಕೈಯಲ್ಲಿತ್ತು. ಅವನು ಆರಿಹೋದ ಲ್ಯಾಪ್‌ಟಾಪಿನ ಕಪ್ಪು ಪರದೆಯನ್ನೇ ನೋಡುತ್ತಾ ನಿಂತಿದ್ದ. ಬಾಯಿ ಅರ್ಧ ತೆರೆದಿತ್ತು.

"ಏನಪ್ಪಾ?" ಎಂದಳು, ಮೆಲ್ಲಗೆ.

"ಇನ್ನೊಂದ್ ದಪ ಹಾಕು," ಎಂದ. "ನಾನ್ ಸರಿಯಾಗಿ ನೋಡ್ಲಿಲ್ಲ. ನಿನ್ ಕೈನೇ ನೋಡ್ತಿದ್ದೆ."

ಅವಳು ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಹೊರಗೆ ಕೈಯಿಟ್ಟು ಬಿಸಿ ನೋಡಿದಳು. ಆಮೇಲೆ ಬೋರ್ಡಿನಿಂದ ಫ್ಯೂಸನ್ನು ಕಿತ್ತು, ಈ ಸಲ ಅಪ್ಪನ ಅಂಗೈಯಲ್ಲಿ ಇಟ್ಟಳು.

"ಬಿಸಿ ಇದೆ, ಇವತ್ತು ಆಗಲ್ಲ ಅಪ್ಪಾ. ನಾಳೆ ಕೆಲ್ಸದಿಂದ ಬೇಗ ಬನ್ನಿ."